ಅಮರಿಲ್ಲಿಸ್ ಗೆಡ್ಡೆ ಮತ್ತೆ ಹೂ ಬಿಟ್ಟ ಬಗೆ

ಮಡಿಕೇರಿಯ ನಮ್ಮ ಮನೆಯೊಳಗೆ ಕುಂಡದಲ್ಲಿ ಅರಳಿಸಿದ ಅಮರಿಲ್ಲಿಸ್, ಮೊದಲ ಹೂವಿನ ನಂತರ ಬರೀ ಎಲೆ ಬಿಡುತ್ತಿತ್ತು. ದೊಡ್ಡ ಕುಂಡಕ್ಕೆ ಬದಲಾಯಿಸಿದ್ದು, ಯೂರಿಯಾ ಹಾಕಿದ್ದು ಯಾವುದೂ ಫಲಿಸಲಿಲ್ಲ, ಎಲೆಯಷ್ಟೇ ಹೆಚ್ಚಿತು. ಫ್ರಿಜ್‌ನಲ್ಲಿಟ್ಟ ಗೆಡ್ಡೆ ಕೊಳೆಯಿತು. ಟುಲಿಪ್‌ಗೆ ಬೇಕಾದ ಕೊರೆಯುವ ಚಳಿ ಇದಕ್ಕೆ ಬೇಡವೇ ಬೇಡ.

ಬೇಕಾದದ್ದು ಒಣ ವಿಶ್ರಾಂತಿ, ಅದೂ ಎಲೆಗಳು ಚೆನ್ನಾಗಿ ಬಿಸಿಲುಂಡ ಮೇಲೆ. ಹೂ ಬಾಡಿದಾಗ ದಂಟನ್ನಷ್ಟೇ ಕತ್ತರಿಸಿ, ಎಲೆ ಮುಟ್ಟಬೇಡಿ. ಮುಂದಿನ ಮೊಗ್ಗು ಗೆಡ್ಡೆಯೊಳಗೆ ಕಟ್ಟುವುದು ಅವುಗಳ ಬಲದಿಂದಲೇ. ಬೇಸಿಗೆಯಲ್ಲಿ ಬೆಳಗಿನ ಬಿಸಿಲು, ಎರಡು ವಾರಕ್ಕೊಮ್ಮೆ ಪೊಟ್ಯಾಶ್ ಹೆಚ್ಚಿರುವ ದ್ರವಗೊಬ್ಬರ. ಜೂನ್ ಬರುತ್ತಲೇ ಸೂರಿನಡಿಗೆ ತನ್ನಿ. ಕೊಡಗಿನ ಮಳೆಗೆ ಗೆಡ್ಡೆ ತಡೆಯುವುದಿಲ್ಲ.

ಅಕ್ಟೋಬರ್ ಕೊನೆಗೆ ನೀರು ಪೂರ್ತಿ ನಿಲ್ಲಿಸಿ. ಎಲೆ ತಾನಾಗಿ ಒಣಗಿದ ಮೇಲೆ ತೆಗೆದು, ಕುಂಡ ಸಮೇತ ಗಾಳಿಯಾಡುವ ಕತ್ತಲ ಮೂಲೆಯಲ್ಲಿ 8ರಿಂದ 10 ವಾರ ಇಡಿ. 12ರಿಂದ 16 ಡಿಗ್ರಿ ಸೆಲ್ಸಿಯಸ್ ಸಾಕು, ಚಳಿಗಾಲದಲ್ಲಿ ಇಲ್ಲಿನ ತಂಪು ಕೋಣೆಯೇ ಆದೀತು. ಈ ಅವಧಿಯಲ್ಲಿ ಹನಿ ನೀರೂ ಕೂಡದು.

ಆಮೇಲೆ ಮೇಲ್ಮಣ್ಣು ಎರಡಿಂಚು ಬದಲಿಸಿ. ಗೆಡ್ಡೆಯ ಮೂರನೇ ಒಂದು ಭಾಗ ಮಣ್ಣಿನ ಮೇಲಿರಲಿ. ಕುಂಡದ ಅಂಚಿಗೂ ಗೆಡ್ಡೆಗೂ ಎರಡು ಬೆರಳಿನ ಅಂತರ ಸಾಕು. ಬೆಳಕಿನ ಕಿಟಕಿಯ ಬಳಿ ಇಟ್ಟು ಒಮ್ಮೆ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಮತ್ತೆ ಹೆಚ್ಚು ಕೊಡಬೇಡಿ. ಎಲೆಯ ಮೊಳಕೆ ತೆಳ್ಳಗೆ ಚಪ್ಪಟೆ. ಹೂದಂಟು ದಪ್ಪ, ತುದಿಯಲ್ಲಿ ಈಟಿಯಂಥ ಮೊಗ್ಗು.