ಬಟವಾಡೆ ದಿನದ ಆ ಅರ್ಧ ಗಂಟೆ

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಲೇತ್ ಶಾಪಿನಲ್ಲಿ ಶನಿವಾರ ಬಟವಾಡೆ. ಐದೂವರೆಗೆ ಕೈಗೆ ದುಡ್ಡು, ಆರಕ್ಕೆ ಬಾರ್ ಮುಂದೆ ನಾವು. ಕುಡಿತ ಬಿಟ್ಟ ಮೇಲೆ ನಾನು ಮೊದಲು ಸರಿಮಾಡಿಕೊಂಡಿದ್ದು ಈ ಅರ್ಧ ಗಂಟೆಯನ್ನು. ಮನಸ್ಸು ಗಟ್ಟಿ ಮಾಡ್ಕೋ ಅಂತ ಎಲ್ಲರೂ ಹೇಳುತ್ತಿದ್ದರು. ದಿನವಿಡೀ ದುಡಿದು ಸೋತ ಮನಸ್ಸನ್ನು ಸಂಜೆ ಆರಕ್ಕೆ ನಂಬಬಾರದು ಅನ್ನುವುದು ನನ್ನ ಲೆಕ್ಕ.

ಮಾಲೀಕರ ಹತ್ತಿರ ಮಾತಾಡಿ ಕೂಲಿಯನ್ನು ನೇರ ಮನೆಯವಳ ಖಾತೆಗೆ ಹಾಕಿಸಿದೆ. ಫೋನಿನಿಂದ ಫೋನ್‌ಪೇ ತೆಗೆದೆ. ಜೇಬಲ್ಲಿ ಟಿಕೆಟ್ ದುಡ್ಡು, ಟೀ ಕಾಸು, ಅಷ್ಟೇ. ಹೆಂಡತಿ ಹತ್ತಿರ ಕೈ ಚಾಚ್ತೀಯಾ ಅಂತ ಶಾಪಲ್ಲಿ ನಕ್ಕರು. ನಗಲಿ ಬಿಡಿ. ನೈಂಟಿಗೆ ಕಾಸೇ ಇಲ್ಲ ಅಂದಾಗ ತಲೆಯೊಳಗಿನ ಚೌಕಾಸಿ ಅರ್ಧ ನಿಂತುಹೋಗುತ್ತದೆ. ಬಸ್ ಸ್ಟಾಪಿನ ದಾರಿಯಲ್ಲಿ ವೈನ್ ಶಾಪ್ ಇತ್ತು. ಹಿಂದಿನ ಕ್ರಾಸಿನಲ್ಲಿ ಸುತ್ತಿ ಮೆಟ್ರೋ ಹತ್ತತೊಡಗಿದೆ.

ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರ ಮೇಲೆ ಕಣ್ಣಿಡು ಅಂತ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಸೇರುವ ಗುಂಪು) ಮೀಟಿಂಗಿನಲ್ಲಿ ಹೇಳಿಕೊಟ್ಟರು. ನನ್ನನ್ನು ಜಾಸ್ತಿ ಕಾಡುತ್ತಿದ್ದುದು ಹಸಿವು. ಮಧ್ಯಾಹ್ನ ಒಂದಕ್ಕೆ ಮುದ್ದೆ ತಿಂದವನಿಗೆ ಆರಕ್ಕೆ ಹೊಟ್ಟೆ ಖಾಲಿ, ಅದೇ ಹೊತ್ತಿಗೆ ಎಣ್ಣೆ ನೆನಪು. ಈಗ ಶಾಪಿಂದ ಹೊರಡುವ ಮೊದಲೇ ಚಿತ್ರಾನ್ನವೋ ಇಡ್ಲಿಯೋ ಹೊಟ್ಟೆಗೆ ಬೀಳಲೇಬೇಕು. ಆದರೂ ಆಸೆ ಏಳುತ್ತದೆ. ಅದು ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗೇ ಇಳಿಯುತ್ತದೆ ಅಂತ ಕೌನ್ಸೆಲರ್ ಹೇಳಿದ್ದರು. ಅಷ್ಟು ಹೊತ್ತು ಎಎ ಗೆಳೆಯನಿಗೆ ಫೋನ್ ಮಾಡಿ ಸುಮ್ನೆ ಏನಾದರೂ ಮಾತಾಡುತ್ತೇನೆ. ಕ್ರಿಕೆಟ್ಟಾದರೂ ನಡೆಯುತ್ತೆ.

ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ದಿಢೀರನೆ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಶುರುವಾಗಬಹುದು, ಪ್ರಾಣಕ್ಕೇ ಅಪಾಯ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವುದಕ್ಕೇ ಬೇರೆ ವಿಭಾಗವಿದೆ. ನನಗೆ ಡಾಕ್ಟರು ಲಿವರ್ ಟೆಸ್ಟ್ ನೋಡಿ ನಾಲ್ಟ್ರೆಕ್ಸೋನ್ ಮಾತ್ರೆ ಬರೆದುಕೊಟ್ಟರು. ಅದು ಆಸೆಯ ಜೋರನ್ನು ತಗ್ಗಿಸುತ್ತದೆ. ಕುಡಿತ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಡೈಸಲ್ಫಿರಾಮ್ ಬೇರೆ ಥರ. ಅದನ್ನು ನುಂಗಿ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಹೀಗಾಗಬಹುದು. ಗಂಡನಿಗೆ ಗೊತ್ತಾಗದಂತೆ ಇದನ್ನು ಸಾರಿಗೆ ಬೆರೆಸುವ ಮನೆಗಳಿವೆ. ಕಷ್ಟ ಅರ್ಥವಾಗುತ್ತದೆ, ಆದರೆ ದಯವಿಟ್ಟು ಬೇಡ. ಗೊತ್ತಿಲ್ಲದೆ ಕುಡಿದವನು ಸತ್ತೇ ಹೋಗಬಹುದು.

ನಮ್ಮ ಮಂಡ್ಯ ಕಡೆ ಬಾರಿಗಿಂತ ದೊಡ್ಡ ಪರೀಕ್ಷೆ ಬೀಗರೂಟ. "ಬನ್ನಿ ಭಾವ, ನಾಟಿಕೋಳಿ ಜೊತೆ ಒಂದೇ ಒಂದು ಪೆಗ್" ಅಂತ ಬಾಮೈದ ಕೈ ಹಿಡಿದು ಎಳೆಯುತ್ತಾನೆ. ಅವನದು ಪ್ರೀತಿಯೇ, ಅದಕ್ಕೇ ಕಷ್ಟ. ಅಲ್ಲಿ ನನ್ನ ಕಥೆಯೆಲ್ಲ ಹೇಳಲು ಹೋಗುವುದಿಲ್ಲ. ಉದ್ದುದ್ದ ಕಾರಣ ಕೊಟ್ಟರೆ ಒಂದೊಂದಕ್ಕೂ ಅವನ ಹತ್ತಿರ ಉತ್ತರವಿರುತ್ತದೆ. "ಮಾತ್ರೆ ತಗೋತಿದ್ದೀನಿ ಕಣಪ್ಪ, ಆಗಲ್ಲ." ಇಷ್ಟೇ, ಎಷ್ಟು ಸಲ ಕೇಳಿದರೂ ಇಷ್ಟೇ. ಮೊದಲ ಪಂಕ್ತಿಗೇ ಕೂತು, ಕೈ ತೊಳೆದು, ಮನೆಯವಳ ಜೊತೆ ಹೊರಟುಬಿಡುವುದು. ಬಾಟಲಿ ತೆರೆಯುವುದು ತೋಟದಲ್ಲಿ, ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ನಾವು ಮದ್ದೂರು ದಾಟಿರುತ್ತೇವೆ. ಮೊದಲ ವರ್ಷ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಊರಿಗೇ ಹೋಗಲಿಲ್ಲ. ಅಮ್ಮ ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ ಅಂತ ಇಲ್ಲೇ ಮಟನ್ ತಂದು ಸಾರು ಮಾಡಿದೆವು.

ಜಾರಿದರೆ ಏನು ಮಾಡಬೇಕು ಅನ್ನುವುದನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಹೇಗೂ ಒಂದು ಕುಡಿದಾಯ್ತಲ್ಲ, ಇನ್ನೇನು ಅನ್ನುವ ಯೋಚನೆಯೇ ಒಂದು ಕ್ವಾರ್ಟರನ್ನು ಒಂದು ವಾರದ ತನಕ ಎಳೆಯುತ್ತದೆ. ಅದಕ್ಕೇ: ಅಲ್ಲಿಂದ ಎದ್ದು ಬಾ. ರಾತ್ರಿಯೇ ಮನೆಯಲ್ಲಿ ಹೇಳು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗು. ಕೆಳಗೆ ಎಎ ಗೆಳೆಯನ ನಂಬರು, ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡಕ್ಕೂ ಕಾಸು ಕೊಡಬೇಕಿಲ್ಲ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಆ ಚೀಟಿಯ ಇನ್ನೊಂದು ಪ್ರತಿ ಮನೆಯವಳ ಪರ್ಸಿನಲ್ಲಿದೆ.