ಬಫಲೋಗೆ ಹೊಸದಾಗಿ ಬಂದಿದ್ದೀರಾ? ಕಾಲುವೆ ಮುಗಿಯುವ ಜಾಗವನ್ನು ನೋಡಿ ಬನ್ನಿ

ಆಗಸ್ಟ್ ಬಂತೆಂದರೆ ಬಫಲೋ ವಿಮಾನ ನಿಲ್ದಾಣದಲ್ಲಿ ನಮ್ಮ ಹುಡುಗ ಹುಡುಗಿಯರು ಎರಡೆರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಇಳಿಯುತ್ತಾರೆ. ಮೊದಲ ಶನಿವಾರವೇ ಎಲ್ಲರೂ ನಯಾಗರಕ್ಕೆ ಓಡುತ್ತಾರೆ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಎರಡನೇ ಶನಿವಾರವಾದರೂ ಈರಿ ಕಾಲುವೆ ಮುಗಿಯುವ ಕೆನಾಲ್‌ಸೈಡ್ ಕಡೆಗೆ ಹೆಜ್ಜೆ ಹಾಕಿ. ನಾನು ಮೊದಲ ಆರು ವರ್ಷ ಕೆಲಸ, ಮನೆ, ವೆಗ್‌ಮನ್ಸ್ ಅಂಗಡಿ ಇಷ್ಟರಲ್ಲೇ ಕಳೆದುಬಿಟ್ಟೆ. ಈ ಊರು ಇಲ್ಲೇ ಯಾಕೆ ಹುಟ್ಟಿತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಹೋಗುವುದು ಸುಲಭ. ಬಫಲೋ ಯೂನಿವರ್ಸಿಟಿಯ ನಾರ್ತ್ ಕ್ಯಾಂಪಸ್‌ನಿಂದ ಯೂನಿವರ್ಸಿಟಿ ಬಸ್ ಹತ್ತಿ ಸೌತ್ ಕ್ಯಾಂಪಸ್‌ಗೆ ಬನ್ನಿ. ಅಲ್ಲಿಂದ ಮೆಟ್ರೋ ರೈಲು ಹಿಡಿದರೆ ನೇರ ಕೆರೆಯ ಕಡೆಗೆ. ಈರಿ ಸರೋವರಕ್ಕೆ ನಾವು ಮನೆಯಲ್ಲಿ 'ಕೆರೆ' ಅಂತಲೇ ಅನ್ನುವುದು. ಆಚೆ ದಡ ಕಾಣದ ಕೆರೆ.

ಊರಿನ ಹೆಸರು ಕೇಳಿದರೆ ನಮ್ಮಜ್ಜಿಗೆ ನಗು. 'ಎಮ್ಮೆ ಊರಲ್ಲಿ ಹಾಲು ಚೆನ್ನಾಗಿರುತ್ತಾ?' ಅಂತ ಕೇಳುತ್ತಿದ್ದರು. ಬಫಲೋ ಕ್ರೀಕ್ ಅಂತ ಒಂದು ಹಳ್ಳ ಇದೆ, ಊರಿನ ಹೆಸರು ಅದರಿಂದ ಬಂದದ್ದು. ಹಳ್ಳಕ್ಕೆ ಆ ಹೆಸರು ಹೇಗೆ ಬಂತು ಅಂತ ಇಲ್ಲಿನವರೇ ಇನ್ನೂ ವಾದ ಮಾಡುತ್ತಾರೆ.

ಆ ಹಳ್ಳದ ಸುತ್ತ ಇದ್ದವರು ಇಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನ. 1797ರ ಒಪ್ಪಂದದಲ್ಲಿ ಪಶ್ಚಿಮ ನ್ಯೂಯಾರ್ಕ್‌ನ ಹೆಚ್ಚಿನ ಜಮೀನು ಅವರ ಕೈಬಿಟ್ಟು ಹಾಲೆಂಡ್ ಲ್ಯಾಂಡ್ ಕಂಪನಿಗೆ ಸೇರಿತು. ಡಚ್ ಸಾಹುಕಾರರ ಕಂಪನಿ ಅದು. ಜಮೀನು ಅಳೆದು ಸೈಟು ಮಾಡಿ ಮಾರಲು ಅವರು ನೇಮಿಸಿದ ಸರ್ವೇಯರ್ ಜೋಸೆಫ್ ಎಲಿಕಾಟ್. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಾರ್ತ್ ಕ್ಯಾಂಪಸ್‌ನ ಎಲಿಕಾಟ್ ಹಾಸ್ಟೆಲ್ ಇವನ ಹೆಸರಿನದೇ.

1804ರಲ್ಲಿ ಎಲಿಕಾಟ್ ಊರಿನ ನಕ್ಷೆ ಹಾಕಿದ. ಒಂದು ಚೌಕದಿಂದ ಚಕ್ರದ ಅರಗಳ ಹಾಗೆ ಬೀದಿಗಳು. ವಾಷಿಂಗ್ಟನ್ ನಗರದ ಅಳತೆ ಮಾಡಿದ ಆಂಡ್ರೂ ಎಲಿಕಾಟ್ ಇವನ ಅಣ್ಣ, ಹಾಗಾಗಿ ಹೋಲಿಕೆ ಸುಮ್ನೆ ಬಂದದ್ದಲ್ಲ. ನಯಾಗರ ಚೌಕದಲ್ಲಿ ಕಾರು ಓಡಿಸುವಾಗ ನೀವು ಸರಿಯಾದ ಬೀದಿ ತಪ್ಪಿಸಿಕೊಂಡು ಎರಡು ಸುತ್ತು ಹಾಕಿದರೆ, ಬೈಯಬೇಕಾದದ್ದು ಇವನನ್ನು. ಊರಿಗೆ ನ್ಯೂ ಆಮ್ಸ್ಟರ್‌ಡ್ಯಾಮ್ ಅಂತ ಹೆಸರಿಟ್ಟ, ಬೀದಿಗಳಿಗೆ ಡಚ್ ಧಣಿಗಳ ಹೆಸರಿಟ್ಟ. ಈಗಿನ ನಯಾಗರ ಸ್ಟ್ರೀಟ್ ಆಗ ಷಿಮ್ಮಲ್‌ಪೆನ್ನಿಂಕ್ ಅವೆನ್ಯೂ! ಜನ ಯಾವುದನ್ನೂ ಒಪ್ಪಲಿಲ್ಲ.

1813ರಲ್ಲಿ, ಅಮೆರಿಕ ಬ್ರಿಟಿಷರ ಜೊತೆ ಯುದ್ಧದಲ್ಲಿದ್ದಾಗ, ಊರು ಸುಟ್ಟುಹೋಯಿತು. ಅಮೆರಿಕದ ಸೈನಿಕರು ಡಿಸೆಂಬರ್ 10ರಂದು ನಯಾಗರ ನದಿಯಾಚೆಯ ಕೆನಡಾದ ನ್ಯೂವಾರ್ಕ್‌ಗೆ ಬೆಂಕಿ ಇಟ್ಟಿದ್ದರು. ಇಪ್ಪತ್ತೇ ದಿನಕ್ಕೆ ಬ್ರಿಟಿಷರು ಬಂದು ಬಫಲೋಗೆ ಬೆಂಕಿ ಹಚ್ಚಿದರು. ಉಳಿದದ್ದು ಬೆರಳೆಣಿಕೆಯ ಕಟ್ಟಡ. ಚಳಿಗಾಲದ ನಡುವೆ, ಮೊಣಕಾಲುದ್ದ ಹಿಮ ಬೀಳುವ ಊರಲ್ಲಿ, ಸೂರಿಲ್ಲದೆ. ನಿಮ್ಮ ಮೊದಲ ಡಿಸೆಂಬರ್ ಕಳೆದ ಮೇಲೆ ಇದನ್ನು ಇನ್ನೊಮ್ಮೆ ಓದಿ.

ಇನ್ನು ಕಾಲುವೆ. ಕೆನಾಲ್ ಅಂದ ಕೂಡಲೇ ನಮಗೆ ಮಂಡ್ಯದ ನಾಲೆ ಕಣ್ಣಿಗೆ ಬರುತ್ತದೆ, ಗದ್ದೆಗೆ ಹರಿಯುವ ನೀರು. ಇದು ಹಾಗಲ್ಲ, ನೀರಿನ ರಸ್ತೆ. ಒಳನಾಡಿನ ದವಸವನ್ನು ನ್ಯೂಯಾರ್ಕ್ ಬಂದರಿಗೆ ಗಾಡಿಯಲ್ಲಿ ಸಾಗಿಸಿದರೆ ಮಾಲಿಗಿಂತ ಬಾಡಿಗೆಯೇ ಜಾಸ್ತಿ ಆಗುತ್ತಿತ್ತು. ಅದಕ್ಕೆ 1817ರಲ್ಲಿ ಹಡ್ಸನ್ ನದಿಯಿಂದ ಈರಿ ಸರೋವರದವರೆಗೆ 363 ಮೈಲಿ ಅಗೆಯಲು ಶುರು ಮಾಡಿದರು. 40 ಅಡಿ ಅಗಲ, ಆಳ ಬರೀ 4 ಅಡಿ. ದಂಡೆಯ ಮೇಲೆ ಕುದುರೆ, ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ನಡೆಯುತ್ತಿದ್ದವು, ದೋಣಿ ಹಿಂದೆ ತೇಲಿ ಬರುತ್ತಿತ್ತು.

ಕಾಲುವೆಯ ಪಶ್ಚಿಮ ತುದಿ ಎಲ್ಲಿರಬೇಕು ಅಂತ ದೊಡ್ಡ ಪೈಪೋಟಿ ನಡೆಯಿತು. ನಯಾಗರ ನದಿಯಲ್ಲಿ ಸ್ವಲ್ಪ ಕೆಳಗಿದ್ದ ಬ್ಲ್ಯಾಕ್ ರಾಕ್ ಎಂಬ ಊರು ತನಗೇ ಬೇಕು ಅಂದಿತು. ಬಫಲೋಗೆ ಬಂದರು ಅನ್ನುವುದೇ ಇರಲಿಲ್ಲ, ಹಳ್ಳದ ಬಾಯಿಗೆ ಮರಳು ಕಟ್ಟಿಕೊಂಡಿತ್ತು. ಆಗ ಊರಿನವರು ಜಾಮೀನು ನಿಂತು ಸರ್ಕಾರದಿಂದ 12,000 ಡಾಲರ್ ಸಾಲ ತಂದರು. ಸ್ಯಾಮ್ಯುಯೆಲ್ ವಿಲ್ಕಿಸನ್ ಎಂಬ ವ್ಯಾಪಾರಿ ಮುಂದೆ ನಿಂತು ಕೆಲಸ ಮಾಡಿಸಿದ. ಬಂದರು ಕಟ್ಟಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಮರದ ದಿಮ್ಮಿ, ಕಲ್ಲು ಸುರಿದು ಕೆರೆಯೊಳಗೆ ಕಟ್ಟೆ ಹಾಕಿಸಿ, 1821ರ ಹೊತ್ತಿಗೆ ಹಡಗು ಒಳಬರುವ ಹಾಗೆ ಮಾಡಿದ. ಕಾಲುವೆ ಬಫಲೋಗೇ ಸಿಕ್ಕಿತು. ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿಯ ಮೇಲೆ 'ಊರು ಕಟ್ಟಿದವನು' ಎಂಬ ಅರ್ಥದ ಲ್ಯಾಟಿನ್ ಮಾತು ಕೆತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಜಾಮೀನು ನಿಂತವರ ಹೆಸರೂ ಅಲ್ಲಿರಬೇಕಿತ್ತು.

ಕಾಲುವೆ ಮುಗಿದು, 1825ರ ಅಕ್ಟೋಬರ್ 26ರಂದು ಗವರ್ನರ್ ಡಿವಿಟ್ ಕ್ಲಿಂಟನ್ 'ಸೆನೆಕಾ ಚೀಫ್' ದೋಣಿ ಹತ್ತಿ ಇಲ್ಲಿಂದ ಹೊರಟ. ಜೊತೆಗೆ ಪೀಪಾಯಿಯಲ್ಲಿ ಈರಿಯ ನೀರು. ನವೆಂಬರ್ 4ರಂದು ಅದನ್ನು ನ್ಯೂಯಾರ್ಕ್‌ನಲ್ಲಿ ಸಮುದ್ರಕ್ಕೆ ಸುರಿದರು. ಆಮೇಲೆ ಸಮುದ್ರದ ನೀರನ್ನು ತಂದು ಈ ಕೆರೆಗೆ ಸುರಿದರು. ಕಾಶಿಯ ಗಂಗೆ ರಾಮೇಶ್ವರಕ್ಕೆ, ರಾಮೇಶ್ವರದ ಮರಳು ಕಾಶಿಗೆ ಅನ್ನುವ ಮನೆಯಲ್ಲಿ ಬೆಳೆದವಳಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಊರು ಬೆಳೆದದ್ದು ನಮ್ಮ ಬೀರೂರು, ಅರಸೀಕೆರೆ ಬೆಳೆದ ಹಾಗೆ. ಅಲ್ಲಿ ರೈಲು ಬದಲಿಸಬೇಕು, ಇಲ್ಲಿ ದೋಣಿ. ಪಶ್ಚಿಮಕ್ಕೆ ಹೊರಟ ಸಂಸಾರಗಳು ಕಾಲುವೆ ದೋಣಿ ಇಳಿದು ಕೆರೆಯ ಹಡಗು ಹತ್ತುತ್ತಿದ್ದವು. ಪಶ್ಚಿಮದ ಗೋದಿ ಹಡಗಿನಿಂದ ಇಳಿದು ಕಾಲುವೆ ದೋಣಿಗೆ ಏರುತ್ತಿತ್ತು. ಇಳಿಸಿ ಏರಿಸುವಲ್ಲಿ ಹೋಟೆಲು, ಗೋದಾಮು, ಹೆಂಡದಂಗಡಿ, ಜಗಳ ಎಲ್ಲ ತಾನಾಗಿಯೇ ಬರುತ್ತವೆ. 1820ರಲ್ಲಿ 2,095 ಜನ ಇದ್ದ ಊರಲ್ಲಿ 1850ಕ್ಕೆ 42,261 ಜನ. ಐರಿಷ್ ಹಮಾಲರು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದ ಗೋದಿಗೆ ಜೋಸೆಫ್ ಡಾರ್ಟ್ 1842ರಲ್ಲಿ ಹಬೆಯಂತ್ರದ ಕಣಜ ಕಟ್ಟಿಸಿದ. ಪಟ್ಟಿಗೆ ಕಟ್ಟಿದ ಬಕೆಟ್‌ಗಳು ಹಡಗಿನ ಹೊಟ್ಟೆಯಿಂದ ಕಾಳು ಮೊಗೆದು ಮೇಲಕ್ಕೆ ಒಯ್ಯುತ್ತಿದ್ದವು. ಈಗ ಬಫಲೋ ನದಿ ದಂಡೆಯಲ್ಲಿ ಕಾಣುವ ಕಾಂಕ್ರೀಟ್ ಕಣಜಗಳು ಅದರ ಮರಿಮಕ್ಕಳು. ಗಾಳಿ ಈ ಕಡೆಗೆ ಬೀಸಿದರೆ ಚೀರಿಯೋಸ್ ಅನ್ನುವ ಬೆಳಗಿನ ತಿಂಡಿ ಹುರಿದ ವಾಸನೆ ಬರುತ್ತದೆ. ಅದನ್ನು ಮಾಡುವ ಕಾರ್ಖಾನೆ ಅಲ್ಲೇ ಇದೆ.

ಊರು ಬೆಳೆದಂತೆ ಪಕ್ಕದಲ್ಲೇ ಉಳಿದಿದ್ದ ಸೆನೆಕಾ ಜನರ ಜಮೀನಿನ ಮೇಲೂ ಕಣ್ಣು ಬಿತ್ತು. 1838ರಲ್ಲಿ ಲಂಚ ಕೊಟ್ಟು ಮಾಡಿಸಿದ ಒಪ್ಪಂದ ಒಂದು, 1842ರಲ್ಲಿ ರಾಜಿ ಇನ್ನೊಂದು. ಕೊನೆಗೆ ಅವರು ಬಫಲೋ ಕ್ರೀಕ್ ಬಿಟ್ಟು ಕ್ಯಾಟರಾಗಸ್, ಅಲಿಗೇನಿ ಕಡೆ ಹೋಗಬೇಕಾಯಿತು. ಸೆನೆಕಾ ಸ್ಟ್ರೀಟ್ ಅಂತ ಬೋರ್ಡ್ ಮಾತ್ರ ಉಳಿದಿದೆ.

ಕೆನಾಲ್‌ಸೈಡ್‌ನಲ್ಲಿ ಮೊದಲು ಕಮರ್ಷಿಯಲ್ ಸ್ಲಿಪ್ ಹುಡುಕಿ. ಮುಚ್ಚಿಹೋಗಿದ್ದ ಕಾಲುವೆಯ ಬಾಯಿಯನ್ನು ಮತ್ತೆ ಅಗೆದು 2008ರಲ್ಲಿ ನೀರು ಬಿಟ್ಟರು. ಪಕ್ಕದಲ್ಲೇ ಹಳೆಯ ಕಟ್ಟಡಗಳ ಅಡಿಪಾಯ ಕಾಣುತ್ತದೆ. ಕಾರಿರುವ ಗೆಳೆಯರು ಸಿಕ್ಕರೆ ಇನ್ನೊಂದು ದಿನ ಲಾಕ್‌ಪೋರ್ಟ್‌ಗೆ ಹೋಗಿ, ಮುಕ್ಕಾಲು ಗಂಟೆ ದಾರಿ. ಅಲ್ಲಿ ಕಲ್ಲುಬೆಟ್ಟದ ಅಂಚಿಗೆ ಐದು ಮೆಟ್ಟಿಲಾಗಿ ಕಟ್ಟಿದ ಹಳೆಯ ನೀರಿನ ತೊಟ್ಟಿಗಳಿವೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿದರೆ ದೋಣಿ ಒಂದು ಮೆಟ್ಟಿಲು ಮೇಲೆ ಬರುತ್ತದೆ. ನಮ್ಮ ತೂಬಿಗೂ ಇದಕ್ಕೂ ದೂರದ ನೆಂಟಸ್ತಿಕೆ.

ಅಲ್ಲಿಗೆ ಅಕ್ಟೋಬರ್ ಮಧ್ಯದೊಳಗೇ ಹೋಗಿ. ಆಮೇಲೆ ಕಾಲುವೆ ಬಂದ್, ಚಳಿಗಾಲಕ್ಕೆ ನೀರು ಇಳಿಸಿಬಿಡುತ್ತಾರೆ. ಕೆರೆ ಕಡೆ ಹೋಗುವಾಗ ಬಿಸಿಲಿದ್ದರೂ ಜಾಕೆಟ್ ಇರಲಿ. ನಾನು ಮೊದಲ ಸಲ ಬರೀ ಕಾಟನ್ ಚೂಡಿದಾರ್‌ನಲ್ಲಿ ಹೋಗಿ, ಅರ್ಧ ಗಂಟೆಗೇ ಮೆಟ್ರೋ ಹತ್ತಿ ವಾಪಸ್ ಬಂದಿದ್ದೆ.