ಭದ್ರಾವತಿಯಿಂದ ಶೆಫೀಲ್ಡ್‌ಗೆ: ಎಂಎಸ್ಸಿ ವರ್ಷದಲ್ಲಿ ನಾನು ನೆಲೆ ಕಂಡುಕೊಂಡ ಬಗೆ

ಇಂಗ್ಲೆಂಡಿನ ಶೆಫೀಲ್ಡ್‌ಗೆ ಓದಲು ಹೋಗುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಆ ಊರು ಎಲ್ಲಿದೆ ಅಂತ ಕೇಳಲಿಲ್ಲ. ಅಪ್ಪ ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಉಕ್ಕಿನ ಜೊತೆ ಬದುಕಿದವರಿಗೆ ಶೆಫೀಲ್ಡ್ ಹೆಸರು ಗೊತ್ತಿರುತ್ತದೆ. ಹ್ಯಾರಿ ಬ್ರೇರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಮಾಡಿದ್ದು ಅಲ್ಲೇ. ಮ್ಯಾಂಗನೀಸ್ ಉಕ್ಕನ್ನು ಕಂಡುಹಿಡಿದ ರಾಬರ್ಟ್ ಹ್ಯಾಡ್‌ಫೀಲ್ಡ್ ಕೂಡ ಆ ಊರಿನವರೇ. ನಮ್ಮ ವಿಭಾಗ ಇದ್ದದ್ದು ಅವರ ಹೆಸರಿನ ಕಟ್ಟಡದಲ್ಲೇ. ನಾನು ಬಿಇ ಮೆಕ್ಯಾನಿಕಲ್ ಮುಗಿಸಿ, ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, 2024ರ ಸೆಪ್ಟೆಂಬರ್‌ನಲ್ಲಿ ಲೋಹಶಾಸ್ತ್ರದ ಎಂಎಸ್ಸಿಗೆ ಅಲ್ಲಿಗೆ ಹೋದೆ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಚಳಿ, ಊಟ, ಬಾಡಿಗೆ, ಪಾರ್ಟ್ ಟೈಮ್ ಕೆಲಸದ ಬಗ್ಗೆ. ಅದನ್ನೂ ಹೇಳುತ್ತೇನೆ. ಆದರೆ ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುವವರು ಮೊದಲು ಕಲಿಯಬೇಕಾದದ್ದು ಬೇರೆ ಇದೆ. ಅಲ್ಲಿ ಯಾರೂ ಬಂದು ‘ಇದನ್ನು ಹೀಗೆ ಮಾಡು’ ಅನ್ನುವುದಿಲ್ಲ. ನಾವೇ ಹೋಗಿ ಕೇಳಬೇಕು. ಕೇಳುವ ಮುಂಚೆ ನಮ್ಮದೇ ಒಂದು ಉತ್ತರ ಯೋಚಿಸಿಕೊಂಡಿರಬೇಕು. ಕೋರ್ಸ್ ಇರುವುದೇ ಒಂದು ವರ್ಷ. ಇದಕ್ಕೆ ಒಗ್ಗಿಕೊಳ್ಳುವುದು ತಡವಾದರೆ ಅರ್ಧ ವರ್ಷ ಹಾಗೇ ಹೋಗಿಬಿಡುತ್ತದೆ.

ಕಾಗದಪತ್ರದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಂಜಿನಿಯರಿಂಗ್‌ನವರಿಗೆ ಬೇರೆಯವರಿಗಿಲ್ಲದ ಒಂದು ಕೆಲಸ ಜಾಸ್ತಿ ಇದೆ. ಅದರ ಹೆಸರು ಏಟಾಸ್. ಲೋಹ, ಏರೋಸ್ಪೇಸ್, ಮೆಕ್ಯಾನಿಕಲ್‌ನಂಥ ಕೆಲವು ವಿಷಯ ಓದಲು ಬರುವ ಭಾರತೀಯರು ಬ್ರಿಟನ್ನಿನ ವಿದೇಶಾಂಗ ಇಲಾಖೆಯಿಂದ ಮೊದಲೇ ಪಡೆಯಬೇಕಾದ ಒಪ್ಪಿಗೆ ಪತ್ರ ಅದು. ಓದಿದ್ದು ಯುದ್ಧಸಾಮಗ್ರಿಗೆ ಬಳಕೆಯಾಗಬಾರದು ಅನ್ನುವುದು ಅದರ ಉದ್ದೇಶ. ಶುಲ್ಕ ಇಲ್ಲ. ಎಲ್ಲ ಕೋರ್ಸಿಗೂ ಬೇಕಿಲ್ಲ, ಬೇಕಿದ್ದರೆ ಆಫರ್ ಲೆಟರ್‌ನಲ್ಲಿ ಬರೆದಿರುತ್ತಾರೆ. ಇದು ಕೈಗೆ ಬರುವವರೆಗೆ ವೀಸಾ ಅರ್ಜಿ ಹಾಕುವಂತಿಲ್ಲ. ಆರು ವಾರವಾದರೂ ಬೇಕು ಅಂತ ಲೆಕ್ಕ ಹಿಡಿದು ನಾನು ಬೇಸಿಗೆಯಲ್ಲೇ ಅರ್ಜಿ ಹಾಕಿದೆ. ಬ್ಯಾಂಕಿನಲ್ಲಿ 28 ದಿನ ಕದಲದೆ ಇರಬೇಕಾದ ದುಡ್ಡು, ಟಿಬಿ ಪರೀಕ್ಷೆಯ ಸರ್ಟಿಫಿಕೇಟ್, ಇವನ್ನು ಆ ಕಾಯುವ ಸಮಯದಲ್ಲೇ ಮುಗಿಸಿದೆ. ವೀಸಾ ಶುಲ್ಕದ ಮೇಲೆ ಆರೋಗ್ಯದ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಬೇಕಾಯಿತು. ಸಾಲದ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ನಾನು ಹೋದಾಗ ಬಿಆರ್‌ಪಿ ಅಂತ ವೀಸಾದ ಒಂದು ಕಾರ್ಡ್ ಕೊಡುತ್ತಿದ್ದರು. ನನ್ನ ವೀಸಾ 2026ರವರೆಗೆ ಇದ್ದರೂ ಕಾರ್ಡಿನ ಮೇಲೆ 2024ರ ಡಿಸೆಂಬರ್ 31 ಅಂತ ಅಚ್ಚಾಗಿತ್ತು. ಅಮ್ಮ ಅದರ ಫೋಟೋ ನೋಡಿ ಗಾಬರಿಯಾದರು. ಕಾರಣ ಇಷ್ಟೇ: ಆ ದಿನಾಂಕಕ್ಕೆ ಕಾರ್ಡಿನ ಪದ್ಧತಿ ಮುಗಿದು ಎಲ್ಲ ಇ-ವೀಸಾ ಆಯಿತು. ಈಗ ಹೋಗುವವರಿಗೆ ಕಾರ್ಡೇ ಇಲ್ಲ. ಬಾಡಿಗೆ ಮನೆಯವರಿಗೆ, ಕೆಲಸ ಕೊಡುವವರಿಗೆ ವೀಸಾ ತೋರಿಸಬೇಕೆಂದರೆ ಸರ್ಕಾರದ ವೆಬ್‌ಸೈಟಿನಲ್ಲಿ ಶೇರ್ ಕೋಡ್ ತೆಗೆದು ಕೊಡಬೇಕು. ಪಾಸ್‌ಪೋರ್ಟ್ ಬದಲಾದರೆ ಆ ವೆಬ್‌ಸೈಟಿನ ನಿಮ್ಮ ಇ-ವೀಸಾ ಖಾತೆಯಲ್ಲೂ ಬದಲಾಯಿಸಿ.

ಮನೆ ವಿಷಯದಲ್ಲಿ ನಾನು ವಿಶ್ವವಿದ್ಯಾಲಯದ ಹಾಸ್ಟೆಲನ್ನೇ ಆರಿಸಿದೆ. ಹೊರಗಿನ ಕೆಲವು ಮನೆ ಸ್ವಲ್ಪ ಅಗ್ಗ. ಆದರೆ ಬಾಡಿಗೆಗೆ ಕೊಡುವವರು ಬ್ರಿಟನ್ನಿನಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಾರೆ. ನಮಗೆ ಅಲ್ಲಿ ಯಾರಿದ್ದಾರೆ? ಹಾಸ್ಟೆಲ್ ತಗೊಳ್ಳುವಾಗ 51 ವಾರದ ಕರಾರು ಇರುವುದನ್ನೇ ನೋಡಿ. ಪದವಿ ಹುಡುಗರ ಕರಾರು ಬೇಸಿಗೆಗೆ ಮುಗಿಯುತ್ತದೆ, ನಮ್ಮ ಪ್ರಾಜೆಕ್ಟ್ ಸೆಪ್ಟೆಂಬರ್‌ವರೆಗೆ ಇರುತ್ತದೆ. ಹೊರಗೆ ಮನೆ ಮಾಡಿದ ಗೆಳೆಯರಿಗೆ ಎರಡು ವಿಷಯ ತುಂಬ ಉಪಯೋಗಕ್ಕೆ ಬಂತು. ಒಂದು, ಡಿಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಮತ್ತು ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಟ್ಟು ನಮಗೆ ತಿಳಿಸಬೇಕು. ಇನ್ನೊಂದು, ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತದ ಮನೆ ತೆರಿಗೆ ಇಲ್ಲ. ಕೆಲಸಕ್ಕೆ ಹೋಗುವ ಒಬ್ಬರು ಸೇರಿಕೊಂಡರೂ ಬಿಲ್ ಬರುತ್ತದೆ. ಮನೆ ಹಂಚಿಕೊಳ್ಳುವ ಮುಂಚೆಯೇ ಇದನ್ನು ಮಾತಾಡಿಕೊಳ್ಳಿ.

ಅಲ್ಲಿಗೆ ತಲುಪಿದ ಮೊದಲ ವಾರದಲ್ಲೇ ಜಿಪಿ, ಅಂದರೆ ಆ ಭಾಗದ ಡಾಕ್ಟರ ಬಳಿ ಹೆಸರು ಬರೆಸಿ. ಜ್ವರ ಬರಲಿ ಅಂತ ಕಾಯಬೇಡಿ. ಜೀವಕ್ಕೆ ಅಪಾಯವಿದ್ದರೆ 999ಕ್ಕೆ ಫೋನ್ ಮಾಡಿ, ಅಷ್ಟು ಅಲ್ಲದಿದ್ದರೆ 111ಕ್ಕೆ.

ಇನ್ನು ಲ್ಯಾಬಿನ ವಿಷಯ. ನಮ್ಮ ಕಾಲೇಜಿನಲ್ಲಿ ಲೋಹದ ಒಳರಚನೆ ನೋಡುವ ಮೆಟಲೋಗ್ರಫಿ ಲ್ಯಾಬಿನಲ್ಲಿ ಪಾಲಿಶ್ ಮಾಡಿದ ಸ್ಯಾಂಪಲ್ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಇರುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಇಣುಕಿ, ರೆಕಾರ್ಡ್ ಬುಕ್ಕಿನಲ್ಲಿ ದುಂಡಗೆ ಗೆರೆ ಎಳೆದು, ಒಳಗೆ ಫೆರೈಟ್, ಪರ್ಲೈಟ್ ಅಂತ ಉಕ್ಕಿನ ಒಳರಚನೆಯ ಹೆಸರು ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಶೆಫೀಲ್ಡ್‌ನಲ್ಲಿ ನನ್ನ ಕೈಗೆ ಬಂದದ್ದು ಒಂದು ಉಕ್ಕಿನ ಸರಳು ಮತ್ತು ಒಂದು ಖಾಲಿ ಫಾರಂ. ಆ ಫಾರಂ ರಿಸ್ಕ್ ಅಸೆಸ್‌ಮೆಂಟ್. ಯಾವ ಕೆಲಸದಲ್ಲಿ ಏನು ಅಪಾಯ, ಅದನ್ನು ಹೇಗೆ ಕಡಿಮೆ ಮಾಡುತ್ತೀರಿ, ಏನಾದರೂ ಚೆಲ್ಲಿದರೆ ಏನು ಮಾಡುತ್ತೀರಿ, ಎಲ್ಲವನ್ನೂ ನಾವೇ ಬರೆಯಬೇಕು. ರಾಸಾಯನಿಕ ಇದ್ದರೆ ಕಾಶ್ ಅನ್ನುವ ಇನ್ನೊಂದು ಫಾರಂ. ಸಹಿ ಆಗುವವರೆಗೆ ಒಳಗೆ ಬಿಡುವುದಿಲ್ಲ.

ಕೆಲವರು ಇದನ್ನು ಸುಮ್ನೆ ಔಪಚಾರಿಕ ಅಂದುಕೊಂಡು ಹಿಂದಿನ ವರ್ಷದವರ ಫಾರಂ ನಕಲು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೈಟಾಲ್‌ಗೆ ಫಾರಂ ಬರೆಯಲು ಕೂತಾಗ ಅದರ ಬಗ್ಗೆ ಕಲಿತಷ್ಟು ನಾಲ್ಕು ವರ್ಷದ ಬಿಇಯಲ್ಲಿ ಕಲಿತಿರಲಿಲ್ಲ. ನೈಟಾಲ್ ಅಂದರೆ ಎಥನಾಲ್‌ನಲ್ಲಿ ಶೇಕಡ 2ರಷ್ಟು ನೈಟ್ರಿಕ್ ಆಮ್ಲ, ಪಾಲಿಶ್ ಮಾಡಿದ ಉಕ್ಕಿನ ಒಳರಚನೆ ಕಾಣಲು ಹಚ್ಚುವ ದ್ರಾವಣ. ಆಮ್ಲದ ಪ್ರಮಾಣ ಏರಿದರೆ ಸ್ಫೋಟದ ಅಪಾಯ ಇದೆ, ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಕೂಡಿಡಬಾರದು. ಅಷ್ಟು ತಿಳಿದವನ ಕೈ ಬಾಟಲಿ ಹಿಡಿಯುವ ರೀತಿಯೇ ಬೇರೆ ಆಗುತ್ತದೆ.

ಸ್ಯಾಂಪಲ್ ಸಿದ್ಧ ಮಾಡುವುದನ್ನು ನನಗೆ ಕಲಿಸಿದವರು ಲ್ಯಾಬ್ ಟೆಕ್ನಿಷಿಯನ್. ಕತ್ತರಿಸುವಾಗ ಬಿಸಿಯಾಗದಂತೆ ನೀರು ಬಿಡಬೇಕು. ಬೇಕಲೈಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಕೂರಿಸಬೇಕು. ಒರಟು ಕಾಗದದಿಂದ ನಯದ ಕಾಗದಕ್ಕೆ ಹೋಗುವಾಗ ಪ್ರತಿ ಸಲ ಸ್ಯಾಂಪಲನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಆಮೇಲೆ 6 ಮೈಕ್ರಾನ್, 1 ಮೈಕ್ರಾನ್ ವಜ್ರದ ಪೇಸ್ಟ್. ಕೊನೆಗೆ ನೈಟಾಲ್ ಕೆಲವೇ ಸೆಕೆಂಡ್, ಎಥನಾಲ್, ಬಿಸಿ ಗಾಳಿ. ಪುಸ್ತಕದಲ್ಲಿ ಇದು ಒಂದು ಪುಟ. ಆದರೆ ಎಷ್ಟು ಒತ್ತಬೇಕು ಅನ್ನುವುದು ಪುಸ್ತಕದಲ್ಲಿ ಇಲ್ಲ. ಅದು ದೋಸೆ ಹೆಂಚಿನ ಕಾವು ನೋಡಿದ ಹಾಗೆ, ಪಕ್ಕದಲ್ಲಿ ನಿಂತು ಕಲಿಯಬೇಕು.

ನನ್ನ ಪ್ರಾಜೆಕ್ಟ್ ಉಕ್ಕನ್ನು ಕ್ವೆಂಚ್ ಮಾಡಿ, ಅಂದರೆ ಕಾಯಿಸಿ ತಟ್ಟನೆ ತಣಿಸಿ, ಬೇರೆ ಬೇರೆ ಉಷ್ಣಾಂಶದಲ್ಲಿ ಟೆಂಪರ್ ಮಾಡಿದಾಗ, ಅಂದರೆ ಮತ್ತೆ ಹದವಾಗಿ ಕಾಯಿಸಿದಾಗ, ಗಡಸುತನ ಹೇಗೆ ಬದಲಾಗುತ್ತದೆ ಅನ್ನುವುದು. ಒಂದೇ ತುಂಡಿನಲ್ಲಿ ವಿಕರ್ಸ್ ಅಂಕಿಗಳು, ಅಂದರೆ ಚಿಕ್ಕ ಗುರುತು ಒತ್ತಿ ಅಳೆದ ಗಡಸುತನದ ಅಂಕಿಗಳು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಂಚಿನ ಹತ್ತಿರ ಕಡಿಮೆ, ಒಳಗೆ ಜಾಸ್ತಿ. ಊರಿನ ಅಭ್ಯಾಸದಲ್ಲಿ ಆಗಿದ್ದರೆ ಕಡಿಮೆ ಬಂದ ಅಂಕಿ ಬಿಟ್ಟು ಸರಾಸರಿ ತೆಗೆಯುವ ಆಸೆ ಯಾರಿಗಾದರೂ ಬರುತ್ತದೆ. ನಾನು ಎಲ್ಲ ಅಂಕಿಗಳನ್ನೂ ಹಾಗೇ ಒಂದು ಕಾಗದದ ಮೇಲೆ ಬರೆದು, ಅಂಚಿನಿಂದ ಇಂಗಾಲ ಹೋಗಿರಬಹುದು ಅಂತ ನನ್ನ ಊಹೆಯನ್ನೂ ಬರೆದು, ಟೆಕ್ನಿಷಿಯನ್ ಹತ್ತಿರ ಹೋದೆ. ಅವರು ನೋಡಿ, ಫರ್ನೇಸ್‌ನಲ್ಲಿ ಗಾಳಿ ಇತ್ತಾ, ಆರ್ಗಾನ್ ಅನಿಲ ಇತ್ತಾ ಅಂತ ಕೇಳಿದರು. ಗಾಳಿ ಇತ್ತು. ಅಷ್ಟು ಬಿಸಿಯಲ್ಲಿ ಗಾಳಿ ತಾಗಿದರೆ ಉಕ್ಕಿನ ಹೊರಮೈಯ ಇಂಗಾಲ ಉರಿದು ಹೋಗಿ ಅಲ್ಲಿ ಗಡಸುತನ ತಗ್ಗುತ್ತದೆ. ಅಂಚಿನಿಂದ ಒಳಕ್ಕೆ ಒಂದು ಸಾಲಾಗಿ ಗುರುತು ಒತ್ತಿ ಅಳೆದು ನೋಡು ಅಂದರು. ಗಡಸುತನ ಮೆಲ್ಲಗೆ ಏರಿ ಒಂದು ಆಳದ ನಂತರ ನಿಂತಿತು. ನೈಟಾಲ್ ಹಚ್ಚಿ ಎಚ್ ಮಾಡಿದಾಗ ಮೈಕ್ರೋಸ್ಕೋಪಿನಲ್ಲಿ ಆ ಪದರ ತಿಳಿ ಬಣ್ಣದಲ್ಲಿ ಬೇರೆಯಾಗಿಯೇ ಕಂಡಿತು. ಗೈಡ್ ಅದನ್ನು ನೋಡಿ ಇದಕ್ಕೇ ಒಂದು ಅಧ್ಯಾಯ ಕೊಡು ಅಂದರು. ನನ್ನ ಇಡೀ ಥೀಸಿಸ್‌ನಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವ ಭಾಗ ಅದೇ.

ಗೈಡ್ ಜೊತೆಗಿನ ಮೀಟಿಂಗಿಗೂ ಇದೇ ಕ್ರಮ ಇಟ್ಟುಕೊಂಡೆ. ಹಿಂದಿನ ದಿನವೇ ಒಂದು ಪುಟ ಇಮೇಲ್: ಏನು ಮಾಡಿದೆ, ಏನು ಅರ್ಥವಾಗಿಲ್ಲ, ಮುಂದೆ ಏನು ಮಾಡಬೇಕು ಅನ್ನಿಸುತ್ತದೆ. ಅವರನ್ನು ಹೆಸರು ಹಿಡಿದು ಕರೆಯಬೇಕು. ನಮಗೆ ‘ಸರ್’ ಬಾಯಿಗೆ ಬಂದುಬಿಡುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವರು ದನಿ ಏರಿಸಿ ಹೇಳುವವರಲ್ಲ. ‘ಇದನ್ನೊಮ್ಮೆ ಯೋಚಿಸಬಹುದೇನೋ’ ಅಂತ ನಯವಾಗಿ ಹೇಳಿದರೂ ಮುಂದಿನ ವಾರಕ್ಕೆ ಅದನ್ನು ಮಾಡಿ ತೋರಿಸಿ.

ಅಂಕದ ವಿಷಯ ಮನೆಯವರಿಗೂ ಮೊದಲೇ ಹೇಳಿಡಿ. ಎಂಎಸ್ಸಿ ಒಟ್ಟು 180 ಕ್ರೆಡಿಟ್, ಪಾಸಾಗಲು ನೂರಕ್ಕೆ 50 ಅಂಕ, ಮೆರಿಟ್‌ಗೆ 60, ಡಿಸ್ಟಿಂಕ್ಷನ್‌ಗೆ 70. ಎಂಬತ್ತರ ಮೇಲೆ ಕೊಡುವುದು ಅಪರೂಪ. 64 ಬಂದಿದೆ ಎಂದರೆ ಚೆನ್ನಾಗಿಯೇ ಮಾಡಿದ್ದೀರಿ. ಅಂಕದ ಜೊತೆ ಬರುವ ಟಿಪ್ಪಣಿ ಓದಿ, ಅದರಲ್ಲೇ ಮುಂದಿನ ವರದಿಗೆ ಬೇಕಾದದ್ದು ಇರುತ್ತದೆ. ನನಗೆ ಪದೇ ಪದೇ ಬಂದ ಟಿಪ್ಪಣಿ ಒಂದೇ: ಬೇರೆಯವರು ಏನು ಹೇಳಿದ್ದಾರೆ ಅಂತ ಬರೆದಿದ್ದೀಯ, ಅದನ್ನು ನೀನು ಯಾಕೆ ಒಪ್ಪುತ್ತೀಯ ಅಂತ ಬರೆದಿಲ್ಲ.

ಶೆಫೀಲ್ಡ್ ಊರಿನ ಜೊತೆ ನಂಟು ಬೆಳೆದದ್ದು ಕೆಲ್ಹಾಮ್ ಐಲೆಂಡ್ ಮ್ಯೂಸಿಯಂನಿಂದ. ಅಲ್ಲಿ ರಿವರ್ ಡಾನ್ ಎಂಜಿನ್ ಅನ್ನುವ ಹಬೆ ಯಂತ್ರ ಇದೆ. 1905ರಲ್ಲಿ ಕಟ್ಟಿದ್ದು, 12,000 ಅಶ್ವಶಕ್ತಿ. ದಪ್ಪ ಉಕ್ಕಿನ ಹಲಗೆ ಉರುಳಿಸಲು 1978ರವರೆಗೆ ದುಡಿದಿದೆ. ಈಗಲೂ ಹಬೆ ಬಿಟ್ಟು ಓಡಿಸಿ ತೋರಿಸುತ್ತಾರೆ. ಅಷ್ಟು ದೊಡ್ಡ ಯಂತ್ರ ಕ್ಷಣದಲ್ಲಿ ನಿಂತು ಹಿಂದಕ್ಕೆ ತಿರುಗುತ್ತದೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ, ಅವರು ಮಾತೇ ಆಡದೆ ನೋಡಿದರು. ಅದೇ ಊರಿನ ಮೆಡೋಹಾಲ್ ಅನ್ನುವ ದೊಡ್ಡ ಮಾಲ್ 1990ರಲ್ಲಿ ಶುರುವಾದದ್ದು ಹ್ಯಾಡ್‌ಫೀಲ್ಡ್ ಕಂಪನಿಯ ಕಾರ್ಖಾನೆ ಇದ್ದ ಜಾಗದಲ್ಲಿ. 2023ರಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಕೇಳಿ ಬೆಳಗಾದ ಮನೆಯಿಂದ ಬಂದ ನನಗೆ ಆ ಮಾಲಿನಲ್ಲಿ ತಿರುಗಾಡುವಾಗ ಸಂಕಟವಾಯಿತು. ಕಾರ್ಖಾನೆ ಹೋದರೂ ಶೆಫೀಲ್ಡ್ ತನ್ನ ಉಕ್ಕಿನ ತಿಳಿವಳಿಕೆಯನ್ನು ಲ್ಯಾಬ್‌ಗಳಲ್ಲಿ, ಮ್ಯೂಸಿಯಂನಲ್ಲಿ ಜೋಪಾನ ಮಾಡಿದೆ. ಭದ್ರಾವತಿಗೂ ಅಂಥದ್ದೊಂದು ಆಗಬೇಕು ಅಂತ ನನಗೆ ತುಂಬ ಆಸೆ.

ಊಟಕ್ಕೆ ಅಷ್ಟೇನೂ ತೊಂದರೆ ಆಗಲಿಲ್ಲ. ಅಕ್ಕಿ, ಬೇಳೆ, ರಾಗಿ ಹಿಟ್ಟು ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯದೇ ಒಯ್ಯಿರಿ. ಒಗ್ಗರಣೆಗೆ ಮುಂಚೆ ಅಡುಗೆಮನೆ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಮೆಣಸಿನಕಾಯಿ ಘಾಟು ಕಾರಿಡಾರಿಗೆ ಹೋಗಿ ಅಲಾರಂ ಕೂಗಿದರೆ ಚಳಿಯಲ್ಲಿ ಇಡೀ ಕಟ್ಟಡ ಹೊರಗೆ ನಿಲ್ಲಬೇಕಾಗುತ್ತದೆ. ಶೆಫೀಲ್ಡ್‌ನವರಿಗೆ ಪ್ರಾಣವಾದ ಹೆಂಡರ್ಸನ್ಸ್ ರೆಲಿಶ್ ಅನ್ನುವ ಸಾಸ್ ಇದೆ. ಅದರಲ್ಲಿ ಹುಣಸೆ, ಲವಂಗ ಇದೆ, ಮೀನು ಇಲ್ಲ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು.

ಚಳಿಗಿಂತ ಕಷ್ಟ ಕೊಟ್ಟದ್ದು ಕತ್ತಲು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳಿ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ, ನಾನು ತಗೊಂಡೆ. ಮಧ್ಯಾಹ್ನದ ಬೆಳಕಿನಲ್ಲಿ ನಡೆಯುವುದನ್ನು ಬಿಡಲಿಲ್ಲ. ರಜೆ ಸಿಕ್ಕಾಗ ರೈಲು ಹತ್ತಿ ಹ್ಯಾದರ್‌ಸೇಜ್‌ನಲ್ಲಿ ಇಳಿದರೆ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳು. ಮಲೆನಾಡಿನ ಪಕ್ಕದಿಂದ ಬಂದವನಿಗೆ ಆ ಮಂಜು, ಮಳೆ ಹತ್ತಿರದ್ದೇ ಅನ್ನಿಸಿತು.

ಕೆಲಸದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಟರ್ಮ್ ಸಮಯದಲ್ಲಿ ವಾರಕ್ಕೆ 20 ಗಂಟೆ ಮಾತ್ರ. ಎಂಎಸ್ಸಿಯವರಿಗೆ ಬೇಸಿಗೆ ರಜೆಯಲ್ಲ, ಪ್ರಾಜೆಕ್ಟ್ ಮಾಡುವ ಆ ತಿಂಗಳುಗಳೂ ಟರ್ಮ್ ಲೆಕ್ಕವೇ. ಸ್ವಂತ ದುಡಿಮೆಗೆ ಅನುಮತಿ ಇಲ್ಲ, ಆದ್ದರಿಂದ ಆ್ಯಪ್‌ಗಳ ಮೂಲಕ ಊಟ ತಲುಪಿಸುವ ಕೆಲಸಕ್ಕೆ ಹೋಗಬೇಡಿ. ಅದಕ್ಕಾಗಿ ವೀಸಾ ಕಳೆದುಕೊಳ್ಳುವುದು ಬೇಡ. ಓದಿಗೆ ತಕ್ಕ ಕೆಲಸ ಹುಡುಕುವವರು ಅಲ್ಲಿಗೆ ತಲುಪಿದ ತಿಂಗಳಲ್ಲೇ ಶುರು ಮಾಡಬೇಕು. ದೊಡ್ಡ ಕಂಪನಿಗಳು ಮುಂದಿನ ವರ್ಷದ ಹುದ್ದೆಗೆ ಸೆಪ್ಟೆಂಬರ್‌ನಿಂದಲೇ ಅರ್ಜಿ ಕರೆಯುತ್ತವೆ. ರಕ್ಷಣೆ, ಅಣುಶಕ್ತಿ ಕ್ಷೇತ್ರದ ಎಷ್ಟೋ ಹುದ್ದೆಗಳಿಗೆ ಭದ್ರತಾ ತಪಾಸಣೆ ಇರುತ್ತದೆ, ಹೊಸದಾಗಿ ಬಂದ ನಮಗೆ ಅದು ಸುಲಭವಲ್ಲ. ಅಂಥ ಜಾಹೀರಾತಿನ ಕೊನೆಯ ಸಾಲುಗಳನ್ನು ಮೊದಲು ಓದಿದರೆ ಸಮಯ ಉಳಿಯುತ್ತದೆ. ಓದಿನ ನಂತರದ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಎಸ್ಸಿಯವರಿಗೆ 18 ತಿಂಗಳು. ಅದಕ್ಕೆ ಬ್ರಿಟನ್ನಿನ ಒಳಗಿದ್ದೇ ಅರ್ಜಿ ಹಾಕಬೇಕು, ತೀರ್ಮಾನ ಬರುವ ಮುಂಚೆ ಊರಿಗೆ ಹೊರಟರೆ ಅರ್ಜಿ ರದ್ದಾಗುತ್ತದೆ. ಕೋರ್ಸ್ ಮುಗಿದ ಸುದ್ದಿಯನ್ನು ವಿಶ್ವವಿದ್ಯಾಲಯ ವೀಸಾ ನೋಡಿಕೊಳ್ಳುವ ಹೋಂ ಆಫೀಸಿಗೆ ಕಳಿಸಿದೆಯೇ ಅಂತ ಕೇಳಿ ತಿಳಿದುಕೊಂಡು, ಆಮೇಲೆ ಅರ್ಜಿ ಹಾಕಿ, ವೀಸಾ ಬಂದ ಮೇಲೆ ಟಿಕೆಟ್ ತೆಗೆಯಿರಿ.